ಮಾಡೆಲ್ ರೈಲಿನ ಪಕ್ಕದ ಗಿರಣಿ: ಪ್ಯಾನೆಲ್ ಗೋಡೆ ಹೊಟ್ಟೆ ಬಿಟ್ಟಿದ್ದೇಕೆ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಬ್ಯಾಂಕಿನಿಂದ ನಿವೃತ್ತ. ಮಹಡಿ ಮೇಲಿನ ಶೀಟಿನ ಕೋಣೆಯಲ್ಲಿ ಎಚ್‌ಒ ಸ್ಕೇಲಿನ, ಅಂದರೆ ನಿಜದ 87ರಲ್ಲಿ ಒಂದು ಪಾಲು ಅಳತೆಯ, ಮಾಡೆಲ್ ರೈಲಿನ ಲೇಔಟ್ ಮಾಡಿಕೊಂಡಿದ್ದೇನೆ. ಅದರ ಮುಂದಿನ ಸಾಲಿನಲ್ಲಿ, ಸೈಡಿಂಗ್ (ಸರಕು ಇಳಿಸುವ ಪಕ್ಕದ ಹಳಿ) ಪಕ್ಕ ಎಪ್ಪತ್ತರ ದಶಕದ, ನಮ್ಮ ಕಡೆಯ ಹತ್ತಿ ಗಿರಣಿಯೊಂದು ನಿಲ್ಲಬೇಕೆಂದು ಬಹಳ ದಿನದ ಆಸೆ. ಅಮೆರಿಕದಿಂದ ಬಂದ ಮಗಳು ಮಾಡ್ಯುಲರ್ ಕಿಟ್‌ಗಳನ್ನು ತಂದುಕೊಟ್ಟಳು. ಕಿಟಕಿ ತೂತುಗಳಿರುವ ಇಟ್ಟಿಗೆ ಗೋಡೆಯ ಪ್ಲಾಸ್ಟಿಕ್ ಪ್ಯಾನೆಲ್‌ಗಳು, ನಮಗೆ ಬೇಕಾದಷ್ಟು ಸೇರಿಸಿಕೊಳ್ಳುತ್ತ ಹೋಗಬಹುದು. ಸೂಪರ್ ಗ್ಲೂ ಹಾಕಿ ಒಂದಕ್ಕೊಂದು ಅಂಟಿಸಿದೆ. ಸುಮಾರು 60 ಸೆಂ.ಮೀ ಉದ್ದದ ಗೋಡೆಯಾಯಿತು. ಆದರೆ ಸಂದುಗಳಲ್ಲಿ ಬೆಳಕು ಕಾಣುತ್ತದೆ. ಎದುರಿನ ಗೋಡೆಗಿಂತ ಇದು 2 ಮಿ.ಮೀ ಉದ್ದವಿದೆ. ನೆಟ್ಟಗಿರಲೆಂದು ಹಿಂದೆ ಪ್ಲೈವುಡ್ ಪಟ್ಟಿ ಅಂಟಿಸಿ ಎರಡೂ ತುದಿಯನ್ನು ಬೋರ್ಡಿಗೆ ಸ್ಕ್ರೂ ಮಾಡಿದೆ. ಏಪ್ರಿಲ್‌ನಲ್ಲಿ ನೋಡಿದರೆ ಗೋಡೆ ನಡುವೆ ಹೊಟ್ಟೆ ಬಿಟ್ಟಿತ್ತು. ಕಿಟಕಿಯ ಪಾರದರ್ಶಕ ಹಾಳೆ ಮಬ್ಬಾಗಿದೆ. ಕಿಟಕಿಗಳೆಲ್ಲ ಒಂದೇ ಥರ. ಇಷ್ಟಾದ ಮೇಲೂ ನೋಡಲು ಅಮೆರಿಕದ ಗೋದಾಮಿನ ಹಾಗೇ ಇದೆ. ‘ಬಣ್ಣ ಬಳಿದು ಹಳೆಯದರಂತೆ ಕಾಣಿಸುವ ವೆದರಿಂಗ್ ಮಾಡಿ, ಎಲ್ಲ ಮುಚ್ಚಿಹೋಗುತ್ತೆ’ ಎನ್ನುತ್ತಾರೆ ಒಬ್ಬ ಸ್ನೇಹಿತರು. ‘ಎಸೆದು, ಮರದ ನಾರು ಒತ್ತಿ ಮಾಡಿದ ಹಲಗೆಯಾದ ಎಂಡಿಎಫ್‌ನಲ್ಲಿ ಲೇಸರ್ ಕಟ್ ಮಾಡಿಸಿ’ ಎನ್ನುತ್ತಾರೆ ಇನ್ನೊಬ್ಬರು. ನನ್ನ ಕೈ ಸರಿಯಿಲ್ಲವೋ, ಕಿಟ್ಟೇ ಸರಿಯಿಲ್ಲವೋ? ಬಿಚ್ಚಿ ಮತ್ತೆ ಕಟ್ಟಬಹುದೆ?

ಉತ್ತರ: ನಿಮ್ಮ ಕೈಯೂ ಸರಿಯಿದೆ, ಕಿಟ್ಟೂ ಸರಿಯಿದೆ. ಕಿಟ್ ಎಂದರೆ ಡಬ್ಬಿಯಲ್ಲಿರುವ ಕಟ್ಟಡ ಎಂದು ನೀವು ತಿಳಿದಿರಿ. ಮಾಡ್ಯುಲರ್ ಕಿಟ್ ಹಾಗಲ್ಲ. ಸಾಧಾರಣ ಕಿಟ್‌ನಲ್ಲಿ ನಾಲ್ಕು ಗೋಡೆ ಇರುತ್ತವೆ, ಅವು ಒಂದಕ್ಕೊಂದು ಕೂಡುವಂತೆ ಕಂಪನಿಯವರೇ ಲೆಕ್ಕ ಹಾಕಿರುತ್ತಾರೆ. ಮಾಡ್ಯುಲರ್ ಕಿಟ್‌ನಲ್ಲಿ ನಿಮಗೆ ಸಿಗುವುದು ಸಾಮಗ್ರಿ ಮಾತ್ರ. ಅಮೆರಿಕದ ಡಿಪಿಎಂ ಇರಲಿ, ವಾಲ್ತರ್ಸ್‌ನ ಕಾರ್ನರ್‌ಸ್ಟೋನ್ ಮಾಡ್ಯುಲರ್ ಇರಲಿ, ಜರ್ಮನಿಯ ಆವ್‌ಹಾಗೆನ್ ಇರಲಿ, ಎಲ್ಲದರದ್ದೂ ಇದೇ ಕಥೆ. ಮೇಸ್ತ್ರಿಯ ಕೆಲಸ ನಿಮ್ಮ ಪಾಲಿಗೆ ಬಿಟ್ಟಿದ್ದು. ದಾರ ಕಟ್ಟದೆ, ಮೂಲೆಮಟ್ಟ ಹಿಡಿಯದೆ ಇಟ್ಟಿಗೆ ಇಡುತ್ತ ಹೋದರೆ ನಿಜವಾದ ಗೋಡೆಯೂ ಹೀಗೇ ಆಗುತ್ತದೆ.

ಕಾರಣಗಳನ್ನು ಒಂದೊಂದಾಗಿ ನೋಡೋಣ. ಕಾರಣ ಗೊತ್ತಾದರೆ ಯಾವುದನ್ನು ಉಳಿಸಬಹುದು, ಯಾವುದನ್ನು ಕೀಳಲೇಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೊದಲು ಸಂದಿನ ಬೆಳಕು. ಈ ಪ್ಯಾನೆಲ್‌ಗಳು ಪಾಲಿಸ್ಟೈರೀನ್. ಬಿಸಿ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ತುಂಬಿ, ತಣಿದ ಮೇಲೆ ಹೊರಗೆ ತಳ್ಳುತ್ತಾರೆ. ಅಂಚುಗಳು ಪೂರ್ತಿ 90 ಡಿಗ್ರಿ ಇದ್ದರೆ ತುಂಡು ಅಚ್ಚಿನಿಂದ ಸಲೀಸಾಗಿ ಈಚೆ ಬರುವುದಿಲ್ಲ. ಅದಕ್ಕೆ ಒಂದೆರಡು ಡಿಗ್ರಿ ಓರೆ ಬಿಟ್ಟಿರುತ್ತಾರೆ. ಪ್ಯಾನೆಲ್ 2.5 ಮಿ.ಮೀ ದಪ್ಪ, ಓರೆ 2 ಡಿಗ್ರಿ ಎಂದುಕೊಳ್ಳಿ. ಎರಡು ಪ್ಯಾನೆಲ್ ಪಕ್ಕಪಕ್ಕ ಇಟ್ಟಾಗ ಒಂದು ಮುಖದಲ್ಲಿ ಕೂಡುತ್ತವೆ, ಇನ್ನೊಂದು ಮುಖದಲ್ಲಿ ಸುಮಾರು 0.17 ಮಿ.ಮೀ ಬಾಯಿ ಬಿಡುತ್ತವೆ. ಕೇಳಲು ಏನೂ ಅಲ್ಲ. ಆದರೆ ಎಚ್‌ಒ ಎಂದರೆ 1:87. ಅದನ್ನು 87ರಿಂದ ಗುಣಿಸಿದರೆ 15 ಮಿ.ಮೀ ಆಯಿತು. ನಿಮ್ಮ ಗಿರಣಿಯ ಗೋಡೆಯಲ್ಲಿ, ನೆಲದಿಂದ ಸೂರಿನವರೆಗೆ, ಬೆರಳು ತೂರುವಷ್ಟು ಬಿರುಕು. ನಿಮ್ಮ ಕಣ್ಣಿಗೆ ಕಂಡದ್ದು ಅದೇ.

ಬಾಯಿ ಮುಚ್ಚಲೆಂದು ಆ ಓರೆ ಅಂಚುಗಳನ್ನು ಒತ್ತಿ ಅಂಟಿಸಿದರೆ ಪ್ರತಿ ಸಂದಿನಲ್ಲೂ ಗೋಡೆ ಕೊಂಚ ಮಡಿಚಿಕೊಳ್ಳುತ್ತದೆ. ಹತ್ತು ಸಂದಿದ್ದರೆ ಹತ್ತು ಮಡಿಕೆ. ನಿಮ್ಮ ಹೊಟ್ಟೆಯ ಒಂದು ಭಾಗ ಏಪ್ರಿಲ್ ಬರುವ ಮೊದಲೇ ಅಲ್ಲಿತ್ತು.

ಎದುರು ಗೋಡೆಗಿಂತ 2 ಮಿ.ಮೀ ಉದ್ದ ಬಂದದ್ದು ಇದರ ಇನ್ನೊಂದು ಮುಖ. ಪ್ಯಾನೆಲ್‌ಗಳು ಅಂಟಿಕೊಂಡು ಬರುವ ಚೌಕಟ್ಟಿನಿಂದ ಅವನ್ನು ಕತ್ತರಿಸಿದ ಜಾಗದಲ್ಲಿ ಸಣ್ಣ ಗಂಟು ಉಳಿದಿರುತ್ತದೆ, ಅಚ್ಚಿನ ಅಂಚಿನಿಂದ ಚಿಮ್ಮಿದ ತೆಳು ಪೊರೆ ಇರುತ್ತದೆ, ಮೇಲೆ ಸೂಪರ್ ಗ್ಲೂವಿನದೇ ದಪ್ಪ. ಸಂದಿಗೆ 0.2 ಮಿ.ಮೀ ಅಂತಿಟ್ಟರೂ ಹತ್ತು ಸಂದಿಗೆ 2 ಮಿ.ಮೀ. ಒಂದೇ ಸಂಖ್ಯೆಯ ಪ್ಯಾನೆಲ್ ಹಾಕಿದ ಎರಡು ಗೋಡೆ ಒಂದೇ ಉದ್ದ ಬರಬೇಕು ಎಂಬ ನಂಬಿಕೆಯೇ ಇಲ್ಲಿ ಕೈಕೊಡುವುದು. ಆಮೇಲೆ ನಾಲ್ಕು ಗೋಡೆ ಕೂಡಿಸಿದಾಗ ಪೆಟ್ಟಿಗೆ ತಿರುಚಿಕೊಳ್ಳುತ್ತದೆ, ಛಾವಣಿ ಒಂದು ಮೂಲೆಯಲ್ಲಿ ಎದ್ದು ಕೂರುತ್ತದೆ.

ಇನ್ನು ಏಪ್ರಿಲ್ ಹೊಟ್ಟೆ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಲೆಕ್ಕದ ಮನುಷ್ಯರಾದ ನಿಮಗೆ ಬೇಸರವಾಗಲಿಕ್ಕಿಲ್ಲ. ಪಾಲಿಸ್ಟೈರೀನ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 70 ಪಾಲು ಹಿಗ್ಗುತ್ತದೆ. ಡಿಸೆಂಬರ್‌ನ ಬೆಳಗ್ಗೆ ಅಂಟಿಸಿದ 60 ಸೆಂ.ಮೀ ಗೋಡೆ ಶೀಟಿನ ಕೆಳಗೆ 20 ಡಿಗ್ರಿ ಹೆಚ್ಚು ಕಾದರೆ 0.8 ಮಿ.ಮೀ ಉದ್ದವಾಗುತ್ತದೆ. ಮರ ಎಳೆಯ ಉದ್ದಕ್ಕೆ ಅದರ ಹತ್ತನೇ ಒಂದು ಪಾಲೂ ಹಿಗ್ಗುವುದಿಲ್ಲ. ಪ್ಲೈವುಡ್ಡೂ ಹೆಚ್ಚುಕಡಿಮೆ ಹಾಗೇ. ಈಗ ನೀವು ಎರಡೂ ತುದಿಗೆ ಸ್ಕ್ರೂ ಹಾಕಿದ್ದೀರಿ. ಹೆಚ್ಚಾದ 0.8 ಮಿ.ಮೀ ಹೋಗುವುದಾದರೂ ಎಲ್ಲಿಗೆ? ಪಕ್ಕಕ್ಕೆ ದಾರಿಯಿಲ್ಲ, ಮುಂದಕ್ಕೆ ಬಾಗಬೇಕು. ತುದಿ ಅಲುಗದ 60 ಸೆಂ.ಮೀ ಪಟ್ಟಿ ಬರೀ 0.8 ಮಿ.ಮೀ ಉದ್ದವಾದರೆ ನಡುವೆ ಬರುವ ಉಬ್ಬು 13 ಮಿ.ಮೀ ದಾಟುತ್ತದೆ! ಕಾಗದದ ಮೇಲೆ ಮಾಡಿ ನೋಡಿ, ಮೊದಲ ಸಲ ನಂಬಿಕೆ ಬರುವುದಿಲ್ಲ. ನಿಮ್ಮಲ್ಲಿ ಪ್ಲೈವುಡ್ ಪಟ್ಟಿ ಹಿಡಿದುಕೊಂಡಿದ್ದರಿಂದ ಅಷ್ಟು ಬಂದಿರಲಿಕ್ಕಿಲ್ಲ. ಆದರೂ ಗಟ್ಟಿ ಮಾಡಲು ನೀವು ಮಾಡಿದ ಉಪಾಯವೇ ಗೋಡೆಯನ್ನು ಬಗ್ಗಿಸಿತು.

ಕಿಟಕಿ ಮಬ್ಬಾದದ್ದು ಸೂಪರ್ ಗ್ಲೂವಿನ ಆವಿಯಿಂದ. ಅದರಲ್ಲಿರುವ ಸಯನೋಅಕ್ರಿಲೇಟ್ ಒಣಗುವಾಗ ಆವಿ ಬಿಡುತ್ತದೆ. ಆ ಆವಿ ಗಾಳಿಯ ತೇವದೊಂದಿಗೆ ಸೇರಿ ಹತ್ತಿರದ ನುಣುಪು ಮೇಲ್ಮೈ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಮುಚ್ಚಿದ ಪೆಟ್ಟಿಗೆಯಂಥ ಕಟ್ಟಡದೊಳಗೆ ಇದು ಇನ್ನೂ ಜಾಸ್ತಿ. ‘ಸೂಪರ್ ಗ್ಲೂ ಎಲ್ಲಕ್ಕಿಂತ ಗಟ್ಟಿ’ ಎಂಬ ಮಾತು ಅರ್ಧ ಸತ್ಯ. ಎಳೆದರೆ ಗಟ್ಟಿ, ತಿರುಚಿದರೆ ಪಟ್ಟನೆ ಬಿಡುತ್ತದೆ. ಪಾಲಿಸ್ಟೈರೀನ್‌ಗೆ ಸರಿಯಾದದ್ದು ಪ್ಲಾಸ್ಟಿಕ್ ಸಿಮೆಂಟ್ ಎನ್ನುವ ತೆಳು ದ್ರವ; ತಾಮಿಯ ಎಕ್ಸ್‌ಟ್ರಾ ಥಿನ್ ಥರದ್ದು ನಮ್ಮ ಹಾಬಿ ಅಂಗಡಿಗಳಲ್ಲೂ ಸಿಗುತ್ತದೆ. ಅದು ಅಂಟಲ್ಲ, ದ್ರಾವಕ. ಎರಡೂ ಅಂಚುಗಳನ್ನು ಕೊಂಚ ಕರಗಿಸಿ ಒಂದು ಮಾಡಿ ತಾನು ಆವಿಯಾಗಿ ಹೋಗುತ್ತದೆ, ಬೆಸುಗೆಯ ಥರ. ಫೆವಿಕಾಲ್ ಪಾಲಿಸ್ಟೈರೀನ್ ಗೋಡೆಗಳನ್ನು ಹಿಡಿಯುವುದಿಲ್ಲ.

ಹಾಗಂತ ದ್ರಾವಕವೂ ನಿರಪಾಯಕಾರಿಯಲ್ಲ. ಗೋಡೆಯ ಹಿಂಬದಿಗೆ ಧಾರಾಳವಾಗಿ ಹಚ್ಚಿದರೆ ಆ ಬದಿ ಕರಗಿ, ಒಣಗುವಾಗ ಕುಗ್ಗಿ, ಗೋಡೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಎರಡು ಹಾಳೆಗಳ ನಡುವೆ ಸಿಕ್ಕಿಬಿದ್ದರೆ ವಾರಗಟ್ಟಲೆ ಒಳಗೇ ಕೆಲಸ ಮಾಡುತ್ತಿರುತ್ತದೆ. ಇವತ್ತು ನೆಟ್ಟಗಿದ್ದದ್ದು ಮುಂದಿನ ತಿಂಗಳು ಡೊಂಕು. ಕುಂಚದ ತುದಿಯಷ್ಟು ಸಾಕು. ಕಿಟಕಿ ತೆರೆದಿರಲಿ, ಮೊಮ್ಮಕ್ಕಳು ಕೋಣೆಯಲ್ಲಿ ಬೇಡ.

ನಿಮ್ಮ ಸ್ನೇಹಿತರ ಎರಡು ಸಲಹೆಗಳಿಗೆ ಈಗ ಉತ್ತರ ಸುಲಭ. ವೆದರಿಂಗ್ ತಪ್ಪನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ತೆಳು ಕಪ್ಪು ಬಣ್ಣ ಮೊದಲು ಹೋಗಿ ಕೂರುವುದೇ ಬಿರುಕಿನಲ್ಲಿ. ಗೋಡೆಗೆ ವಯಸ್ಸಾಗಲಿ ಎಂದು ಹಚ್ಚಿದರೆ ನಿಮ್ಮ ಹತ್ತು ಸಂದಿಗೂ ಕಾಡಿಗೆ ಹಚ್ಚಿದಂತಾಗುತ್ತದೆ. ಎಂಡಿಎಫ್ ಕೆಟ್ಟ ವಸ್ತುವೇನಲ್ಲ, ನಾವು ವಾಸ್ತುಶಿಲ್ಪಿಗಳಿಗೆ ಮಾಡಿಕೊಡುವ ಮಾದರಿಗಳಲ್ಲಿ ದಿನವೂ ಬಳಸುತ್ತೇವೆ. ಅದು ಹವಾನಿಯಂತ್ರಿತ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರುವ ಮಾದರಿಗಳಿಗೆ. ನಿಮ್ಮ ಶೀಟಿನ ಕೋಣೆಯಲ್ಲಿ ಬಿಸಿಲಿಗೆ ಏನೂ ಆಗದಿದ್ದರೂ ಜುಲೈನ ತೇವಕ್ಕೆ ಕತ್ತರಿಸಿದ ಅಂಚು ಊದಿಕೊಳ್ಳುತ್ತದೆ. ಲೇಸರ್ ಕೊರೆದ ಇಟ್ಟಿಗೆ ಗೆರೆ ಸುಟ್ಟು ಕಂದಾಗಿರುತ್ತದೆ, ಇಟ್ಟಿಗೆಯ ಮುಖ ಮಾತ್ರ ಹಲಗೆಯಷ್ಟೇ ನುಣುಪು. ಮೂರನೆಯವರು ಯಾರಾದರೂ ಬಂದು ‘ಥ್ರೀಡಿ ಪ್ರಿಂಟ್ ಮಾಡಿಸಿ’ ಎಂದರೆ, ಕಿಟಕಿ ಚೌಕಟ್ಟು, ನೀರಿನ ಕೊಳವೆಯಂಥ ಸಣ್ಣಪುಟ್ಟದ್ದಕ್ಕೆ ಹೂಂ ಅನ್ನಿ. ಗೋಡೆಗೆ ಬೇಡ, ಆ ಪ್ರಿಂಟರುಗಳು ಬಳಸುವ ಸಾಮಾನ್ಯ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಪಾಲಿಸ್ಟೈರೀನ್ 90 ಡಿಗ್ರಿ ಆಸುಪಾಸಿನವರೆಗೆ ತಡೆಯುತ್ತದೆ. ನಿಮ್ಮ ಕೋಣೆಗೆ ಈಗ ಕೈಯಲ್ಲಿರುವ ಸಾಮಗ್ರಿಯೇ ವಾಸಿ.

ಬಿಚ್ಚಬಹುದೆ ಎಂದು ಕೇಳಿದ್ದೀರಿ. ಸೂಪರ್ ಗ್ಲೂ ಬಳಸಿದ್ದು ಇಲ್ಲಿ ನಿಮ್ಮ ಅದೃಷ್ಟ. ದ್ರಾವಕದಿಂದ ಬೆಸೆದಿದ್ದರೆ ಗರಗಸವೇ ಗತಿಯಾಗುತ್ತಿತ್ತು. ಮೊದಲು ಸ್ಕ್ರೂ ತೆಗೆಯಿರಿ. ಗೋಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿ ಫ್ರೀಜರಿನಲ್ಲಿಡಿ. ಉದ್ದ ಹಿಡಿಸದಿದ್ದರೆ ನಡುವಿನ ಒಂದು ಸಂದಿಗೆ ಬ್ಲೇಡ್ ಹಾಕಿ ಎರಡು ಮಾಡಿಕೊಳ್ಳಿ. ತಣ್ಣಗಾದಾಗ ಸೂಪರ್ ಗ್ಲೂ ಇನ್ನಷ್ಟು ಪೆಡಸಾಗುತ್ತದೆ. ಹೊರತೆಗೆದ ಕೂಡಲೇ ಸಂದಿಗೆ ತೆಳು ಬ್ಲೇಡ್ ತೂರಿಸಿ ಮೆಲ್ಲಗೆ ತಿರುಚಿದರೆ ಬಹಳಷ್ಟು ಸಂದುಗಳು ‘ಟಕ್’ ಎಂದು ಬಿಡುತ್ತವೆ. ಎಲ್ಲವೂ ಬಿಡುವುದಿಲ್ಲ. ಹಟ ಹಿಡಿದದ್ದನ್ನು ಹಾಗೇ ಬಿಡಿ, ಜೋಡಿಯಾಗಿಯೇ ಬಳಸೋಣ. ಒತ್ತಾಯ ಮಾಡಿದರೆ ಸಂದಿನ ಬದಲು ಪ್ಯಾನೆಲ್ಲೇ ಮುರಿಯುತ್ತದೆ, ಅದೂ ಕಿಟಕಿಯ ಮೂಲೆಯಿಂದ, ಯಾಕೆಂದರೆ ಅದೇ ಅದರ ದುರ್ಬಲ ಜಾಗ. ಒಂದು ಎಚ್ಚರಿಕೆ: ಸೂಪರ್ ಗ್ಲೂ ಕರಗಿಸಲು ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಹಚ್ಚಿ ಎಂದು ಯಾರಾದರೂ ಹೇಳುತ್ತಾರೆ. ಅಂಟಿನ ಜೊತೆ ಇಟ್ಟಿಗೆಯೂ ಕರಗಿ ಹೋಗುತ್ತದೆ. ಬಾಟಲಿಯನ್ನು ಆ ಕೋಣೆಗೇ ತರಬೇಡಿ.

ಪ್ಲೈವುಡ್ ಪಟ್ಟಿ ಬಿಡದಿದ್ದರೆ ಬೆನ್ನಿನಿಂದ ಕೆತ್ತಿ ತೆಗೆಯಬೇಕು. ಬೆನ್ನು ಹಾಳಾದರೂ ಚಿಂತೆಯಿಲ್ಲ, ಯಾರಿಗೂ ಕಾಣುವುದಿಲ್ಲ. ಬಿಡಿ ಪ್ಯಾನೆಲ್ ಒಂದು ತಾನೇ ಬಾಗಿದ್ದರೆ ಕೈಗೆ ತಾಳುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯ ನೀರಿನಲ್ಲಿ ಕೆಲವು ನಿಮಿಷ ಇಟ್ಟು, ಗಾಜಿನ ಮೇಲೆ ಒತ್ತಿ, ತೂಕ ಹೇರಿ ತಣಿಯಲು ಬಿಡಿ. ಕುದಿಯುವ ನೀರು ಬೇಡ. ಅಲ್ಲಿ ಇಟ್ಟಿಗೆಯ ಗೆರೆಯೇ ಅಳಿಸಿಹೋಗುವ ಅಪಾಯವಿದೆ.

ಬಿಚ್ಚಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿಯಿದೆ, ಅದನ್ನು ಸೋಲು ಎಂದುಕೊಳ್ಳಬೇಡಿ. ಇದ್ದ ಗೋಡೆಯನ್ನು ಎರಡು ಮೂರು ತುಂಡು ಮಾಡಿ, ಲೇಔಟಿನ ಹಿಂಬದಿಯ ಚಿತ್ರಕ್ಕೆ ಒರಗಿಸಿ, 3-4 ಸೆಂ.ಮೀ ಆಳದ ಅರೆ ಕಟ್ಟಡ ಮಾಡಿಕೊಳ್ಳಬಹುದು. ಸಂದಿನ ಮೇಲೆ ಮಳೆನೀರಿನ ಕೊಳವೆ ಇಳಿಸಿ, ಕೆಲವಕ್ಕೆ ಪುಟ್ಟಿ ತುಂಬಿ, ತುಂಡುಗಳ ನಡುವೆ ಒಂದು ಏಣಿ, ಒಂದು ಗೇಟು. ಮೂರಡಿ ದೂರದಿಂದ ನೋಡುವವರಿಗೆ ಧಾರಾಳ ಸಾಕು. ಆದರೆ ಗಿರಣಿ ನಿಮ್ಮ ಲೇಔಟಿನ ಮುಂದಿನ ಸಾಲಿನಲ್ಲಿದೆ, ಕಣ್ಣಿಗೆ ಹತ್ತಿರ. ಅಲ್ಲಿ ನಾನಾದರೆ ಬಿಚ್ಚುತ್ತಿದ್ದೆ.

ಮತ್ತೆ ಕಟ್ಟುವಾಗ ಪ್ಯಾನೆಲ್ ಕಟ್ಟಬೇಡಿ, ಗೋಡೆ ಕಟ್ಟಿ. ಅಂದರೆ ಇಡೀ ಗೋಡೆಯ ಎಲ್ಲ ಪ್ಯಾನೆಲ್‌ಗಳನ್ನು ಮೊದಲು ಅಂಟು ಹಾಕದೆ ಜೋಡಿಸಿ, ಬೆನ್ನಿಗೆ ಪೆನ್ಸಿಲಿನಲ್ಲಿ ನಂಬರ್ ಬರೆದು, ಅಳತೆ ಸರಿ ಬಂದ ಮೇಲೆಯೇ ದ್ರಾವಕದ ಬಾಟಲಿ ತೆರೆಯುವುದು.

ದಪ್ಪ ಗಾಜಿನ ತುಂಡೊಂದು ಬೇಕು, ಹಳೆಯ ಟೀಪಾಯಿಯ ಗಾಜಾದರೂ ಆದೀತು. ಮನೆಯಲ್ಲಿ ಅದರಷ್ಟು ಸಮತಟ್ಟಾದದ್ದು ಬೇರೆ ಇರುವುದಿಲ್ಲ. ಅದರ ಒಂದು ಬದಿಗೆ 220 ನಂಬರಿನ ವಾಟರ್ ಪೇಪರ್ (ಉಜ್ಜುವ ಕಾಗದ) ಅಂಟಿಸಿ. ಪ್ಯಾನೆಲ್ಲನ್ನು ಚೌಕದ ಮರದ ತುಂಡಿಗೆ ಒರಗಿಸಿ, ಅಂಚು ಕೆಳಗೆ ಮಾಡಿ, ನೇರವಾಗಿ ಎಳೆಯಿರಿ. ನಾಲ್ಕೈದು ಎಳೆತಕ್ಕೊಮ್ಮೆ ಮೂಲೆಮಟ್ಟ ಇಟ್ಟು ನೋಡಿ. ಓರೆ ಹೋದ ಕೂಡಲೇ ನಿಲ್ಲಿಸಬೇಕು. ಅತಿಯಾಗಿ ಉಜ್ಜಿದರೆ ಅಂಚಿನ ಅರ್ಧ ಇಟ್ಟಿಗೆ ಕಾಲು ಇಟ್ಟಿಗೆಯಾಗಿ ಸಂದಿನಲ್ಲಿ ಎದ್ದು ಕಾಣುತ್ತದೆ. ಒಂದೇ ಅಗಲದ ಪ್ಯಾನೆಲ್‌ಗಳನ್ನು ಐದಾರು ಸೇರಿಸಿ ಕ್ಲ್ಯಾಂಪ್ ಹಾಕಿ ಒಟ್ಟಿಗೆ ಉಜ್ಜಿದರೆ ಎಲ್ಲದರ ಅಗಲ ತಾನಾಗಿ ಒಂದಾಗುತ್ತದೆ. ಎದುರುಬದುರು ಗೋಡೆಯ ಪ್ಯಾನೆಲ್‌ಗಳು ಒಂದೇ ಕಟ್ಟಿನಲ್ಲಿರಲಿ, ನಿಮ್ಮ 2 ಮಿ.ಮೀ ಸಮಸ್ಯೆ ಅಲ್ಲೇ ಮುಗಿಯಿತು.

ಈಗ ಗಾಜಿನ ಇನ್ನೊಂದು ಬದಿಯಲ್ಲಿ ಉಕ್ಕಿನ ಸ್ಕೇಲನ್ನು ಟೇಪಿನಿಂದ ಭದ್ರ ಮಾಡಿ. ಅದೇ ನಿಮ್ಮ ದಾರ. ಪ್ಯಾನೆಲ್‌ಗಳನ್ನು ಮುಖ ಕೆಳಗೆ ಮಾಡಿ ಸ್ಕೇಲಿಗೆ ಒತ್ತಿ ಸಾಲಾಗಿ ಇಡಿ. ಇಡುವ ಮುಂಚೆ ಒಮ್ಮೆ ಮುಖ ಮೇಲಾಗಿಟ್ಟು ಇಟ್ಟಿಗೆ ಸಾಲುಗಳು ಸಂದಿನಾಚೆಗೂ ಒಂದೇ ಮಟ್ಟದಲ್ಲಿ ಮುಂದುವರಿದಿವೆಯೇ ನೋಡಿ. ಪ್ಯಾನೆಲ್ಲಿನ ತಳದಂಚು ಸಮ ಇದ್ದು ಸಾಲು ಸಮ ಇಲ್ಲದಿದ್ದರೆ ಸಾಲಿನ ಮಾತನ್ನೇ ಕೇಳಿ, ತಳದಂಚನ್ನು ಆಮೇಲೆ ಉಜ್ಜಬಹುದು. ಕುಂಚದಲ್ಲಿ ಒಂದು ಹನಿ ದ್ರಾವಕ ತೆಗೆದು ಸಂದಿನ ಬೆನ್ನಿಗೆ ಮುಟ್ಟಿಸಿ. ಅದೇ ಹರಿದುಕೊಂಡು ಹೋಗುತ್ತದೆ. ಮೇಲೆ ಅದೇ ಪ್ಲಾಸ್ಟಿಕ್ಕಿನ 5-6 ಮಿ.ಮೀ ಅಗಲದ ಪಟ್ಟಿಯನ್ನು ಪ್ರತಿ ಸಂದಿಗೂ ಕೂರಿಸಿ. ಎವರ್‌ಗ್ರೀನ್ ಕಂಪನಿಯ ಪಟ್ಟಿಗಳು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಕಿಟ್ಟಿನ ಚೌಕಟ್ಟಿನಲ್ಲಿ ಮಿಕ್ಕ ಪ್ಲಾಸ್ಟಿಕ್ಕೇ ಸಾಕು. ಪ್ಲೈವುಡ್, ಫೋಮ್ ಬೋರ್ಡ್, ಮರ ಯಾವುದೂ ಬೇಡ. ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುವುದು ಒಂದೇ ಜಾತಿಯ ವಸ್ತು ಮಾತ್ರ. ರಾತ್ರಿಯಿಡೀ ಗಾಜಿನ ಮೇಲೇ ಇರಲಿ. ಇಂಥ ಕಿಟ್‌ಗಳ ಜೊತೆ ಬರುವ ಪಿಲಾಸ್ಟರ್, ಅಂದರೆ ಗೋಡೆಗೆ ಅಂಟಿದ ಕಂಬದ ತುಂಡುಗಳನ್ನು ಅಲಂಕಾರವೆಂದು ಪಕ್ಕಕ್ಕಿಡಬೇಡಿ, ಸಂದಿನ ಮೇಲೆ ಕೂರಿಸಿದರೆ ಉಳಿದ ಗೆರೆಯೂ ಹೋಯಿತು. ನಿಜವಾದ ಗಿರಣಿಗಳಲ್ಲೂ ತೊಲೆಯ ಭಾರ ಇಳಿಯುವ ಕಡೆ ಗೋಡೆಯನ್ನು ಹೀಗೇ ದಪ್ಪ ಮಾಡುತ್ತಿದ್ದರು.

ನಾಲ್ಕು ಗೋಡೆ ಒಣಗಿದ ಮೇಲೆ ಪೆಟ್ಟಿಗೆ ಕಟ್ಟುವಾಗ ಒಳಗೊಂದು ನೆಲ ಬೇಕು: 2 ಮಿ.ಮೀ ದಪ್ಪದ ಪಾಲಿಸ್ಟೈರೀನ್ ಹಾಳೆ, ಮೂಲೆಗಳು ಸರಿಯಾಗಿ 90 ಡಿಗ್ರಿ ಬರುವಂತೆ ಕತ್ತರಿಸಿದ್ದು. ಎದುರುಬದುರು ಬದಿಗಳು ಸಮವಿದ್ದು, ಎರಡು ಕರ್ಣ ಅಳೆದಾಗಲೂ ಸಮ ಬಂದರೆ ಮೂಲೆಗಳು ಸರಿ, ಪಾಯ ಗುರುತು ಹಾಕುವಾಗ ಮೇಸ್ತ್ರಿಗಳು ಮಾಡುವುದೂ ಅದೇ. ಗೋಡೆಗಳು ಈ ನೆಲಕ್ಕೆ ಒರಗಿ ನಿಂತರೆ ತಿರುಚಿಕೊಳ್ಳಲು ಆಸ್ಪದವಿಲ್ಲ. ಮತ್ತೆ ಕಟ್ಟಡವನ್ನು ಬೋರ್ಡಿಗೆ ಅಂಟಿಸಬೇಡಿ. ನಡುವೆ ಒಂದೇ ಒಂದು ಸ್ಕ್ರೂ ಹಾಕಿ. ಎರಡೂ ತುದಿ ಬಿಡುವಾಗಿರಲಿ, ಸುತ್ತ ಮಣ್ಣು ಹುಲ್ಲು ಹಾಕುವಾಗ ಅರ್ಧ ಮಿ.ಮೀಯಷ್ಟು ಜಾಗ ಬಿಡಿ. ಏಪ್ರಿಲ್‌ನ 0.8 ಮಿ.ಮೀ ಆ ಕಡೆ ಅರ್ಧ ಈ ಕಡೆ ಅರ್ಧ ಹೋಗಿ ಬರುತ್ತದೆ. ಛಾವಣಿಯನ್ನೂ ಅಂಟಿಸದೆ ಬರೀ ಕೂರಿಸಿ, ಒಳಗೆ ದೀಪ ಕೆಟ್ಟಾಗ ನೆನೆಸಿಕೊಳ್ಳುತ್ತೀರಿ.

ಇನ್ನು ಅಮೆರಿಕದ ಗೋದಾಮಿನ ಸಂಗತಿ. ನನಗೆ ಈ ಪ್ರಶ್ನೆಯೇ ಹೆಚ್ಚು ಇಷ್ಟವಾಯಿತು.

ಇಟ್ಟಿಗೆಯಿಂದ ಶುರು ಮಾಡೋಣ. ಅಮೆರಿಕದ ಇಟ್ಟಿಗೆ ತೆಳು, ಗಾರೆ ಸೇರಿ ಮೂರು ಸಾಲಿಗೆ 8 ಇಂಚು. ನಮ್ಮ ಹಳೆಯ 9 ಇಂಚಿನ ಇಟ್ಟಿಗೆ 3 ಇಂಚು ದಪ್ಪ, ಗಾರೆ ಸೇರಿದರೆ ಸಾಲಿಗೆ ಸುಮಾರು 85 ಮಿ.ಮೀ. ಹತ್ತಡಿ ಎತ್ತರದ ಗೋಡೆಯಲ್ಲಿ ಅವರದು 45 ಸಾಲು, ನಮ್ಮದು 36. ಎಚ್‌ಒನಲ್ಲಿ ಒಂದು ಸಾಲು ಅವರದು 0.78 ಮಿ.ಮೀ, ನಮ್ಮದು 0.98. ಶುದ್ಧಮಡಿಯವರು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಸಾಲು ಎಣಿಸುವ ಅತಿಥಿ ಇನ್ನೂ ಬಂದಿಲ್ಲ. ಅಷ್ಟಕ್ಕೂ ನಿಮ್ಮ ಹಳಿ 16.5 ಮಿ.ಮೀ ಅಂತರದ್ದು, ನಮ್ಮ 1676 ಮಿ.ಮೀ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19 ಮಿ.ಮೀ ಮೇಲೆ ಬರಬೇಕು. ಆ ರಾಜಿಗೆ ಒಪ್ಪಿದವರಿಗೆ ಇಟ್ಟಿಗೆಯ ರಾಜಿ ದೊಡ್ಡದಲ್ಲ.

ಆದರೆ ಇಟ್ಟಿಗೆ ಕೂಡಿಸಿದ ಬಗೆ ಕಣ್ಣಿಗೆ ಬೀಳುತ್ತದೆ. ಅಮೆರಿಕದ ಕಾರ್ಖಾನೆ ಗೋಡೆಗಳಲ್ಲಿ ಸಾಮಾನ್ಯವಾಗಿ ಐದಾರು ಸಾಲು ಇಟ್ಟಿಗೆಯ ಉದ್ದ ಮುಖ ಕಾಣುತ್ತದೆ, ಆಮೇಲೆ ಒಂದು ಸಾಲು ಗಿಡ್ಡ ಮುಖ. ನಮ್ಮಲ್ಲಿ ಬ್ರಿಟಿಷರ ಕಾಲದಿಂದ ಬಂದ ಇಂಗ್ಲಿಷ್ ಬಾಂಡ್‌ನಲ್ಲಿ ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ. ಅಚ್ಚಿನಲ್ಲಿ ಮೂಡಿದ್ದನ್ನು ಬದಲಿಸಲಾಗದು. ಬದಲಿಗೆ ಗಾರೆ ಮಾಡಿಸಿ! ನಮ್ಮ ಹಳೆಯ ಗಿರಣಿಗಳ ಗೋಡೆ ಪೂರ್ತಿ ಇಟ್ಟಿಗೆ ಕಾಣುವಂತೆ ಇರುವುದು ಕಡಿಮೆ. ಕೆಳಗಿನ ನಾಲ್ಕಡಿ ಗಾರೆ, ಕಿಟಕಿಯ ಸುತ್ತ ಗಾರೆಯ ಪಟ್ಟಿ, ಮೇಲೆ ಸುಣ್ಣ ಅಥವಾ ಹಳದಿ ಕಾವಿ. ಮಾಡೆಲ್ ಪುಟ್ಟಿಯನ್ನು ತೆಳ್ಳಗೆ ಎಳೆದು, ಪೂರ್ತಿ ಒಣಗುವ ಮುಂಚೆ ಅಲ್ಲಲ್ಲಿ ಬ್ಲೇಡಿನಿಂದ ಎಬ್ಬಿಸಿದರೆ ಗಾರೆ ಉದುರಿ ಇಟ್ಟಿಗೆ ಕಂಡಂತಾಗುತ್ತದೆ. ಅಮೆರಿಕದ ಇಟ್ಟಿಗೆ ಆ ಸಣ್ಣ ತೇಪೆಗಳಲ್ಲಿ ಇಣುಕಿದರೆ ಅದರ ಊರು ಯಾವುದೆಂದು ಹೇಳಲಾಗದು.

ಎರಡನೆಯದು, ಇನ್ನೂ ಮುಖ್ಯವಾದದ್ದು, ಛಾವಣಿ. ಲೇಔಟನ್ನು ನಾವು ನೋಡುವುದು ಮೇಲಿನಿಂದ. ಗೋಡೆಗಿಂತ ಛಾವಣಿಯೇ ಹೆಚ್ಚು ಕಾಣುತ್ತದೆ, ಆದರೂ ಕಿಟ್ ಕಟ್ಟುವವರು ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಅಮೆರಿಕದ ಕಿಟ್‌ನಲ್ಲಿ ಸಪಾಟು ಛಾವಣಿ, ಸುತ್ತ ಪ್ಯಾರಪೆಟ್. ಗಿರಣಿಗೆ ಗರಗಸದ ಹಲ್ಲಿನಂಥ ನಾರ್ತ್‌ಲೈಟ್ ಛಾವಣಿ ಹಾಕಿ, ಆ ಒಂದೇ ಕೆಲಸಕ್ಕೆ ಅದು ಗೋದಾಮಿನಿಂದ ಹತ್ತಿ ಗಿರಣಿಯಾಗುತ್ತದೆ. ಹಲ್ಲಿನ ಕಡಿದಾದ ಬದಿಗೆ ಗಾಜು, ಇಳಿಜಾರು ಬದಿಗೆ ಶೀಟು ಅಥವಾ ಹಂಚು. ಗಾಜು ಉತ್ತರಕ್ಕೆ ಮುಖ ಮಾಡಬೇಕು, ಮಗ್ಗದ ಮೇಲೆ ನೇರ ಬಿಸಿಲು ಬೀಳದೆ ಸಮನಾದ ಬೆಳಕು ಬರಲೆಂದು. ಆದ್ದರಿಂದ ಮೊದಲು ನಿಮ್ಮ ಲೇಔಟಿನಲ್ಲಿ ಉತ್ತರ ಯಾವ ಕಡೆ ಎಂದು ತೀರ್ಮಾನಿಸಿ.

ಆಸ್ಬೆಸ್ಟಾಸ್ ಶೀಟಿನ ಒಂದು ಅಲೆಯಿಂದ ಇನ್ನೊಂದಕ್ಕೆ 146 ಮಿ.ಮೀ, ಎಚ್‌ಒನಲ್ಲಿ 1.7. ಅಷ್ಟೇ ಅಂತರದ ಸುಕ್ಕು ಹಾಳೆ ಹುಡುಕಿ. ಮಂಗಳೂರು ಹಂಚಾದರೆ ಒಂದೊಂದು ಸುಮಾರು 41 ಸೆಂ.ಮೀ ಉದ್ದ, 23.5 ಸೆಂ.ಮೀ ಅಗಲ, ಸ್ಕೇಲಿಗೆ ಇಳಿಸಿದರೆ 4.7 ಮತ್ತು 2.7 ಮಿ.ಮೀ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಿದ್ದರು. ಹಾಗಾಗಿ ನಿಮ್ಮ ಗಿರಣಿ ಎಷ್ಟು ಹಳೆಯದೆಂದು ಕಲ್ಪಿಸಿಕೊಂಡರೂ ಹಂಚು ಹೊಂದುತ್ತದೆ. ಎಪ್ಪತ್ತರ ದಶಕ ಎಂದಿರಿ, ಅರ್ಧ ಹಂಚು ಅರ್ಧ ಶೀಟು ಮಾಡಿ. ಹಂಚು ಒಡೆದ ಕಡೆ ಶೀಟು ಹೊದಿಸುವುದು ನಮ್ಮ ಎಲ್ಲ ಊರಿನ ಪದ್ಧತಿ.

ಕಿಟಕಿಗಳೆಲ್ಲ ಒಂದೇ ಥರ ಎಂಬ ದೂರು ನ್ಯಾಯವಾದದ್ದೇ, ಆದರೆ ಗಿರಣಿಯ ಕಿಟಕಿಗಳು ಒಂದೇ ಥರವೇ ಇರುತ್ತವೆ. ಕಟ್ಟಿದಾಗ ಒಂದೇ ಥರ ಇದ್ದವು, ಬಳಸುತ್ತ ಬೇರೆಯಾದವು ಎಂದು ತೋರಿಸಿ. ಒಂದು ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿದ್ದಾರೆ, ಯಾಕೆಂದರೆ ಒಳಗೆ ಬಾಯ್ಲರ್ ಬಂತು. ಇನ್ನೊಂದರಲ್ಲಿ ಹೊಗೆ ತಳ್ಳುವ ಫ್ಯಾನು. ಎರಡು ಕಿಟಕಿಗೆ ತಗಡು. ಹೀಗೆ ಪ್ರತಿ ಬದಲಾವಣೆಗೂ ಒಂದು ಕಾರಣ ಇಟ್ಟುಕೊಂಡರೆ ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತಾಗುತ್ತದೆ. ಕಾರಣ ಹೊಳೆಯದಿದ್ದರೆ ಆ ಕಿಟಕಿಯನ್ನು ಹಾಗೇ ಬಿಡಿ. ಗಾಜನ್ನು ಬಣ್ಣ ಮುಗಿದ ಮೇಲೆಯೇ ಕೂರಿಸಿ. ಓಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ) ತುಂಡಿಗೆ ಮೂಲೆಗಳಲ್ಲಿ ಒಂದೊಂದು ಚುಕ್ಕೆ ಫೆವಿಕಾಲ್ ಸಾಕು, ಹಾಳೆಗೆ ಭಾರ ಹೊರುವ ಕೆಲಸವೇನಿಲ್ಲ. ಮಬ್ಬಾದ ಹಳೆಯ ಹಾಳೆಯನ್ನು ಎಸೆಯಬೇಡಿ, ಹತ್ತಿಯ ಧೂಳು ಕೂತ ಗಾಜು ಹಾಗೇ ಕಾಣುತ್ತದೆ, ಮೇಲಿನ ಸಾಲಿಗೆ ಹಾಕಿ.

ಸೈಡಿಂಗ್ ಕಡೆಯ ಗೋಡೆಗೆ ಸರಕು ಇಳಿಸುವ ಕಟ್ಟೆ ಬೇಕು. ನಮ್ಮ ಬ್ರಾಡ್‌ಗೇಜ್ ಗೂಡ್ಸ್ ಪ್ಲಾಟ್‌ಫಾರ್ಮ್ ಹಳಿಯ ತಲೆಯಿಂದ ಸುಮಾರು 1.07 ಮೀಟರ್ ಎತ್ತರ, ಎಚ್‌ಒನಲ್ಲಿ 12 ಮಿ.ಮೀ. ಅಮೆರಿಕದ ಕಿಟ್‌ಗಳ ಡಾಕ್ ಇದಕ್ಕಿಂತ ಒಂದೆರಡು ಮಿ.ಮೀ ಎತ್ತರ ಬರಬಹುದು. ಉಜ್ಜುವ ಮೊದಲು ನಿಮ್ಮ ವ್ಯಾಗನ್ ಒಂದನ್ನು ಪಕ್ಕ ನಿಲ್ಲಿಸಿ ಬಾಗಿಲು ನೋಡಿ. ಅಂದಹಾಗೆ 200 ಮೀಟರ್ ಉದ್ದದ ನಿಜವಾದ ಗಿರಣಿಯನ್ನು ಸ್ಕೇಲಿಗೆ ಸರಿಯಾಗಿ ಕಟ್ಟಿದರೆ 2.3 ಮೀಟರ್ ಆಗುತ್ತದೆ, ನಿಮ್ಮ ಕೋಣೆ ಮುಗಿಯಿತು. 60 ಸೆಂ.ಮೀ ಸಾಕು, ಬಾಗಿಲು, ಮೆಟ್ಟಿಲು, ಕಟ್ಟೆ ಮಾತ್ರ ಅಳತೆಗೆ ಸರಿಯಿರಲಿ, ಮನುಷ್ಯ ತನ್ನನ್ನು ಹೋಲಿಸಿ ನೋಡುವುದು ಅವಕ್ಕೆ.

ಬಣ್ಣದ ಬಗ್ಗೆ ಎರಡು ಮಾತು. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಸ್ಪ್ರೇಗಳಲ್ಲಿ ಎನ್‌ಸಿ ಥಿನ್ನರ್ ಎಂಬ ತೀಕ್ಷ್ಣ ದ್ರಾವಕ ಇರಬಹುದು. ಅದು ಪಾಲಿಸ್ಟೈರೀನ್ ಮೇಲ್ಮೈಯನ್ನು ತಿಂದು ಸುಕ್ಕು ಮಾಡುತ್ತದೆ. ಮಿಕ್ಕ ಚೌಕಟ್ಟಿನ ತುಂಡಿನ ಮೇಲೆ ಹೊಡೆದು ಒಂದು ದಿನ ಕಾದು ನೋಡಿ. ಮಳೆಗಾಲದ ತೇವದಲ್ಲಿ ಸ್ಪ್ರೇ ಹೊಡೆದರೆ ಬಿಳಿ ಮಂಜು ಹಿಡಿಯುತ್ತದೆ, ಬಿಸಿಲು ಬಂದ ದಿನಕ್ಕೆ ಕಾಯಿರಿ. ಇಟ್ಟಿಗೆಗೆ ಅಚ್ಚಗೆಂಪು ಬೇಡ, ಕಿತ್ತಳೆ ಮಿಶ್ರ ಕಂದು ಹಾಕಿ ಅಲ್ಲಲ್ಲಿ ಬಿಡಿ ಇಟ್ಟಿಗೆಗಳನ್ನು ಗಾಢ ಮಾಡಿ. ಸಂದಿನ ಗಾರೆಗೆ ತೆಳು ಬೂದಿ-ಕೆನೆ ಬಣ್ಣದ ಅಕ್ರಿಲಿಕ್ ಹರಿಸಿ, ಒದ್ದೆ ಬಟ್ಟೆಯಲ್ಲಿ ಓರೆಯಾಗಿ ಒರೆಸಿ. ಸಾಲಿನ ಗುಂಟ ಒರೆಸಿದರೆ ಗಾರೆಯೂ ಎದ್ದುಬರುತ್ತದೆ.

ವೆದರಿಂಗ್ ಮಾಡುವಾಗ ಮಳೆ ಯಾವ ಕಡೆಯಿಂದ ಬರುತ್ತದೆ ನೆನಪಿರಲಿ. ನಮ್ಮ ಮುಂಗಾರು ನೈಋತ್ಯದ್ದು. ಪಶ್ಚಿಮ, ದಕ್ಷಿಣದ ಗೋಡೆ ಕಪ್ಪಾಗಿ ಪಾಚಿಗಟ್ಟುತ್ತದೆ, ಪೂರ್ವದ ಗೋಡೆ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಉತ್ತರ ಈಗಾಗಲೇ ಗುರುತಿಸಿದ್ದೀರಲ್ಲ, ಇಲ್ಲೂ ಕೆಲಸಕ್ಕೆ ಬಂತು. ನೀರಿನ ಕೊಳವೆ ಒಡೆದ ಕಡೆ ಹಸಿರು ಪಟ್ಟೆ, ಪ್ಯಾರಪೆಟ್ಟಿನ ಬಿರುಕಿನಲ್ಲಿ ಒಂದು ಅರಳಿ ಸಸಿ. ಒಂದೇ ಸಾಕು, ಎರಡಾದರೆ ಪಾಳುಬಿದ್ದ ಗಿರಣಿ.

ಮುಂದೆ ಮಗಳು ಮತ್ತೆ ಬರುವಾಗ ಏನು ತರಲಿ ಎಂದು ಕೇಳಿದರೆ, ಜರ್ಮನ್ ಮಾಡ್ಯುಲರ್ ಗೋಡೆಗಳನ್ನು ಒಮ್ಮೆ ನೋಡಿ. ಅಲ್ಲಿನ ಹಳೆಯ ಕಾರ್ಖಾನೆ ಇಟ್ಟಿಗೆ ಮೀಟರಿಗೆ 13 ಸಾಲು, ಆಮೇಲಿನದು 12. ತಯಾರಕರು ಅಳತೆಗೆ ನಿಷ್ಠರಾಗಿದ್ದರೆ ಎಚ್‌ಒನಲ್ಲಿ 0.88ರಿಂದ 0.96 ಮಿ.ಮೀ, ನಮ್ಮ ಇಟ್ಟಿಗೆಗೆ ಹತ್ತಿರ. ಆದರೆ ಒಂದೇ ಗೋಡೆಯಲ್ಲಿ ಅದನ್ನೂ ಇದನ್ನೂ ಬೆರೆಸಬೇಡಿ, ಸಾಲುಗಳು ಎಲ್ಲೂ ಕೂಡುವುದಿಲ್ಲ. ಬಾಯ್ಲರ್ ಮನೆಯೋ ಹತ್ತಿ ಗೋದಾಮೋ ಬೇರೆ ಕಟ್ಟಡವಾಗಿ ನಿಲ್ಲಲಿ. ಅಲ್ಲಿಯವರೆಗೆ ಫ್ರೀಜರಿನಲ್ಲಿ ಜಾಗ ಮಾಡಿಸಿಕೊಳ್ಳಿ, ಮನೆಯವರಿಗೆ ಮುಂಚೆಯೇ ಹೇಳಿ.